ಮುಕ್ಕಾಲು ಡಾಲರಿನ ದೆವ್ವ

"ಸತ್ತವರು ಲೆಕ್ಕ ತಪ್ತಾರಾ, ಸರ್?"

ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತು ಆ ಹೆಂಗಸು ಆಡಿದ ಮೊದಲ ಮಾತೇ ಇದು. ನಾನು ಚಹಾ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ದೆವ್ವದ ಸುದ್ದಿ ಎಂದರೆ ನನಗೆ ಕೈಕಾಲು ತಣ್ಣಗಾಗುತ್ತದೆ. ಅದೂ ಬೆಳಗ್ಗೆ ಎಂಟೂವರೆಗೆ, ಹೊಟ್ಟೆಗೆ ಏನೂ ಬೀಳುವ ಮೊದಲು!

ಮೇಷ್ಟ್ರು ಮಾತ್ರ ಕನ್ನಡಕ ಒರೆಸುತ್ತಾ, "ತಪ್ಪೋದು ಬದುಕಿರೋರ ಕೆಲಸ. ಮೊದಲಿಂದ ಹೇಳಿ," ಎಂದರು.

ಬಂದರಿನ ಹತ್ತಿರ ನನ್ನದೊಂದು ವಸತಿಗೃಹವಿದೆ, ಆರು ಕೋಣೆ. ಮಹಡಿಯ ಮೂಲೆಯ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಇರುವವರು ಈ ತೂಕದ ಮೇಷ್ಟ್ರು. ಪಾಠ ಹೇಳಿದವರೇನಲ್ಲ. ಅಂಗಡಿ ಅಂಗಡಿ ಸುತ್ತಿ ತಕ್ಕಡಿ, ಬಟ್ಟು ಪರೀಕ್ಷಿಸುವ ಸರ್ಕಾರಿ ಕೆಲಸದಲ್ಲಿ ಮೂವತ್ತೊಂದು ವರ್ಷ ಸವೆಸಿದವರು. ಎದುರಿಗೆ ಸಿಕ್ಕವರನ್ನೆಲ್ಲ ತಿದ್ದುವ ಅವರ ಚಾಳಿ ನೋಡಿ ಬೀದಿಯವರೇ ಮೇಷ್ಟ್ರು ಮಾಡಿಬಿಟ್ಟರು. ಬಂದ ದಿನವೇ ನನ್ನ ಅಡುಗೆಮನೆಯ ತಕ್ಕಡಿ ಇಪ್ಪತ್ತು ಗ್ರಾಂ ಸುಳ್ಳು ಹೇಳುತ್ತದೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ ಮನುಷ್ಯ. ಅವತ್ತು ಮೈಯೆಲ್ಲ ಉರಿದಿತ್ತು. ಆಮೇಲೆ ಅವರ ಹಿಂದೆ ಎಷ್ಟು ಕಡೆ ಅಲೆದೆನೋ ನನಗೇ ನೆನಪಿಲ್ಲ.

ಹೆಂಗಸು ಶುರುಮಾಡಿದಳು. ಬಂದರಿನ ಪ್ರಯಾಣಿಕರ ಹಾಲ್‌ನಲ್ಲಿ ಆಳೆತ್ತರದ ಗಾಜಿನ ಪೆಟ್ಟಿಗೆಯೊಂದಿದೆ, ನೀವೂ ಅಂಥದ್ದನ್ನು ನೋಡಿರುತ್ತೀರಿ. ಹಡಗು ಹತ್ತುವವರು, ಇಳಿಯುವವರು ಜೇಬಿನಲ್ಲಿ ಉಳಿದ ಪರದೇಶದ ಚಿಲ್ಲರೆಯನ್ನು ಅದಕ್ಕೆ ಸುರಿದು ಹೋಗುತ್ತಾರೆ. ಆ ದುಡ್ಡು ಆಸ್ಪತ್ರೆಯ ಮಕ್ಕಳ ವಾರ್ಡಿಗೆ. ಹಾಲ್‌ನ ಹಿಂದಿನ ಪುಟ್ಟ ಕೋಣೆಯಲ್ಲಿ ಕುಳಿತು ಇಪ್ಪತ್ತಾರು ವರ್ಷ ಅದನ್ನು ಎಣಿಸಿದವರು ಇವಳ ಅಪ್ಪ. ಎಣಿಕೆಯಜ್ಜ ಎಂದೇ ಎಲ್ಲರೂ ಕರೆಯುತ್ತಿದ್ದರು. ಆರು ವಾರದ ಹಿಂದೆ ಅದೇ ಮೇಜಿನ ಮೇಲೆ ತಲೆಯಿಟ್ಟು ತೀರಿಕೊಂಡರು. ಹೃದಯ ನಿಂತಿತ್ತು, ಬೇರೇನೂ ಅನುಮಾನವಿಲ್ಲ ಎಂದು ಡಾಕ್ಟರು ಹೇಳಿದರಂತೆ. ಈಗ ಆ ಕೆಲಸಕ್ಕೆ ಮಗಳೇ ಬಂದಿದ್ದಳು.

"ವಾರಕ್ಕೊಂದು ಚೀಲ, ಸರ್. ಎಣಿಸಿ, ಕಟ್ಟಿ, ಚೀಟಿ ಬರೆದು, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿ ಬೀರುವಿನಲ್ಲಿಡೋದು. ಆರು ತಿಂಗಳಿಗೊಮ್ಮೆ ಎಲ್ಲ ಒಟ್ಟಿಗೆ ಬದಲಿಸಿ ವಾರ್ಡಿಗೆ ಕೊಡ್ತಾರೆ. ಅಪ್ಪ ಕಟ್ಟಿದ ಹನ್ನೊಂದು ಚೀಲ ಬೀರುವಿನಲ್ಲಿದ್ವು. ಅಪ್ಪ ಮನೇಲಿ ತನ್ನದೇ ಒಂದು ಪುಸ್ತಕದಲ್ಲೂ ಲೆಕ್ಕ ಬರೆದಿಡ್ತಿದ್ದ, ಯಾರಿಗೂ ಗೊತ್ತಿರಲಿಲ್ಲ. ಉಪಯೋಗ ಆಗ್ಲಿ ಅಂತ ನಾನೇ ಕೈಯಾರೆ ತಂದು ಪೆಟ್ಟಿಗೆ ನೋಡ್ಕೊಳ್ಳೋ ಸಮಿತಿಗೆ ಕೊಟ್ಟೆ. ಸೋಮವಾರ ಮೊದಲ ಎರಡು ಚೀಲದ ಚೀಟಿ ನೋಡಿದ್ರೆ ಪುಸ್ತಕಕ್ಕಿಂತ ಎಷ್ಟೋ ಕಮ್ಮಿ! ಚೀಟಿ ಅಪ್ಪನ ಅಕ್ಷರ, ಮುದ್ರೆ ಅಪ್ಪನದು. ಹಾಗಾಗಿ ಕದ್ದೋನೂ ಅಪ್ಪನೇ ಅಂತಾರೆ. ಶನಿವಾರ ಸಭೆ. ಪೆಟ್ಟಿಗೆ ಮೇಲೆ ಅಪ್ಪನ ಹೆಸರಿನ ಹಿತ್ತಾಳೆ ಫಲಕ ಇದೆ, ಅದನ್ನ ಕಿತ್ತು ಹಾಕ್ತಾರಂತೆ."

"ದೆವ್ವದ ಮಾತು ಎಲ್ಲಿಂದ ಬಂತಮ್ಮಾ?" ನಾನು ತಡೆಯಲಾರದೆ ಕೇಳಿದೆ.

"ಮಧ್ಯಾಹ್ನ ಹನ್ನೆರಡರ ಹಡಗು ಬಂದಾಗ ಹಾಲ್ ಖಾಲಿಯಾಗತ್ತೆ, ಅಕ್ಕಾ. ಎಲ್ಲರೂ ಹಡಗುಕಟ್ಟೆಗೆ ಹೋಗ್ತಾರೆ. ಆಗ ಬೀಗ ಹಾಕಿದ ಕೋಣೆಯಿಂದ ನಾಣ್ಯ ಎಣಿಸೋ ಸದ್ದು. ಟಿಕ್, ಟಿಕ್, ಟಿಕ್. ಅಪ್ಪ ಎಣಿಸ್ತಿದ್ದ ಹಾಗೇ. ಬೀಗದ ಕೈ ನನ್ನ ಸೊಂಟದಲ್ಲೇ ಇರತ್ತೆ. ಕದ್ದದ್ದಕ್ಕೆ ಸತ್ತ ಮೇಲೂ ಎಣಿಸ್ತಿದಾನೆ ಅಂತ ಜನ ಆಡ್ಕೋತಾರೆ."

ಅವಳು ಚೀಲದ ಚೀಟಿಯ ನಕಲು ಮತ್ತು ಪುಸ್ತಕದ ಹಾಳೆಯ ನಕಲನ್ನು ಮೇಜಿನ ಮೇಲಿಟ್ಟಳು. ಮೇಷ್ಟ್ರು ನನಗೂ ಕಾಣುವಂತೆ ಸರಿಸಿದರು. ಪುಸ್ತಕದಲ್ಲಿ ಎರಡು ಯೂರೋದ ನಾಣ್ಯ ತೊಂಬತ್ತೊಂದು, ಚೀಟಿಯಲ್ಲಿ ಮೂವತ್ತೊಂದು. ಒಂದು ಪೌಂಡಿನವು ಪುಸ್ತಕದಲ್ಲಿ ಐವತ್ತೆರಡು, ಚೀಟಿಯಲ್ಲಿ ಹನ್ನೆರಡು. ತೂತಿರುವ ಯೆನ್ ನಾಣ್ಯಗಳು ಎರಡರಲ್ಲೂ ಒಂದೇ. ಡಾಲರ್ ಸಾಲು ಹೀಗಿತ್ತು: ಕಾಲು ಡಾಲರಿನವು ಇಪ್ಪತ್ತೆರಡು, ಸಣ್ಣ ಬಿಳಿ ನಲವತ್ತು, ದಪ್ಪ ಬಿಳಿ ಇಪ್ಪತ್ತೈದು. ಅದೂ ಎರಡರಲ್ಲೂ ಒಂದೇ. ಮೊತ್ತ ಮಾತ್ರ ಪುಸ್ತಕದಲ್ಲಿ ಹತ್ತೂಮುಕ್ಕಾಲು ಡಾಲರ್, ಚೀಟಿಯಲ್ಲಿ ಬರೀ ಹತ್ತು.

"ಮುಕ್ಕಾಲು ಡಾಲರನ್ನೂ ಬಿಟ್ಟಿಲ್ಲ ಅಂತ ಸಮಿತಿ ಕಾರ್ಯದರ್ಶಿಗಳು ನಕ್ಕರು," ಎಂದಳು ಅವಳು.

"ಡಾಲರಿನ ಒಂದು ನಾಣ್ಯವೂ ಕಮ್ಮಿಯಾಗಿಲ್ಲ, ಮುಕ್ಕಾಲು ಡಾಲರ್ ಕಮ್ಮಿಯಾಗಿದೆ," ಮೇಷ್ಟ್ರು ಮೆಲ್ಲಗೆ ಹೇಳಿದರು. "ಇದು ದೆವ್ವದ ಕೈಲೂ ಆಗೋ ಕೆಲಸ ಅಲ್ಲ. ಸಾಯೋ ಮೊದಲು ನಿಮ್ಮಪ್ಪ ಏನಾದ್ರೂ ಹೇಳಿದ್ರಾ?"

"ಹಿಂದಿನ ದಿನ ಊಟಕ್ಕೆ ಕೂತವನು ತುತ್ತು ಎತ್ತಲಿಲ್ಲ. 'ನನ್ನ ಅಕ್ಷರಾನೇ ನನಗೆ ಸುಳ್ಳು ಹೇಳ್ತಿದೆ ಮಗಳೇ' ಅಂದ. ವಯಸ್ಸಾಯ್ತು, ಮರೆವು ಅಂತ ನಾನೇ ಸುಮ್ಮನಾಗಿಸಿದೆ." ಅವಳು ಕರವಸ್ತ್ರದ ಗಂಟು ಬಿಚ್ಚಿ ಒಂದು ನಾಣ್ಯ ತೆಗೆದಳು. ಅಂಗಿ ಗುಂಡಿಗಿಂತ ತುಸು ದೊಡ್ಡದು, ಬೆಳ್ಳಗಿತ್ತು. "ಮೊದಲ ಚೀಲ ಬಿಚ್ಚಿಕೊಂಡು ಕೂತಿದ್ದಾಗಲೇ ಹೋದ. ಎಡಗೈ ಕೆಳಗೆ ಚೀಟಿ, ಬಲಮುಷ್ಟಿಯಲ್ಲಿ ಇದು. ಬೆರಳು ಬಿಡಿಸಬೇಕಾಯ್ತು. ಸುರಿದದ್ದನ್ನ ಹಾಗೇ ಚೀಲಕ್ಕೆ ತುಂಬಿಟ್ರು, ಇದು ಮಾತ್ರ ಕಾರ್ಯದರ್ಶಿಗಳ ಹತ್ರ ಉಳೀತು. ಮೊನ್ನೆ ಕಾರ್ಯದರ್ಶಿಗಳು ಇದನ್ನ ನನ್ನ ಕೈಗೆ ಹಾಕಿ, 'ಇಟ್ಕೋ, ನಿಮ್ಮಪ್ಪನ ಸಂಪಾದನೆ' ಅಂದರು."

ನನಗೆ ಕಣ್ಣು ತುಂಬಿ ಬಂತು. ಆ ಕಾರ್ಯದರ್ಶಿಯ ಬಾಯಿಗೆ ಬೆಂಕಿ ಹಾಕಬೇಕು ಅನ್ನಿಸಿತು. ಮೇಷ್ಟ್ರು ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ, ಅವಳಿಗೇ ಹಿಂತಿರುಗಿಸಿದರು.

"ಜೋಪಾನವಾಗಿ ಕಟ್ಟಿಡಿ. ಶನಿವಾರ ಬೇಕಾಗತ್ತೆ."

ಮರುದಿನ ಗುರುವಾರ, ಕಿಸೆಯಲ್ಲಿ ಹಿಡಿಸುವ ಕೊಕ್ಕೆ ತಕ್ಕಡಿ ಹಿಡಿದು ಮೇಷ್ಟ್ರು ಹೊರಟರು. ನಾನೂ ಹೊರಟೆ. ಹೆದರಿಕೆ ಇತ್ತು, ಆದರೆ ಮನೆಯಲ್ಲಿ ಕುಳಿತು ಊಹಿಸಿಕೊಳ್ಳುವುದು ಇನ್ನೂ ಕಷ್ಟ.

ಎಣಿಕೆ ಕೋಣೆ ನಾಲ್ಕು ಹೆಜ್ಜೆಗೆ ಮುಗಿಯುತ್ತಿತ್ತು. ಹಸಿರು ಬಟ್ಟೆ ಹಾಸಿದ ಮೇಜು, ಅದರ ಮೇಲೆ ಎರಡು ಮೊಣಕೈ ಊರಿ ಊರಿ ಸವೆದ ಗುರುತು. ಕಿಟಕಿಯಿಲ್ಲ. ಇದ್ದ ಒಂದೇ ಬಾಗಿಲು ಕಟ್ಟೆಯ ಕಡೆಯ ಓಣಿಗೆ ತೆರೆಯುತ್ತಿತ್ತು, ಹಾಲ್‌ನಲ್ಲಿ ಕುಳಿತವರಿಗೆ ಕಾಣದು. ಬಾಗಿಲ ಹಿಂದೆ ಮುದುಕನ ಕೋಟು ಇನ್ನೂ ತೂಗುತ್ತಿತ್ತು, ಹೆಗಲ ಆಕಾರ ಅದರಲ್ಲಿ ಹಾಗೇ ನಿಂತಿತ್ತು. ಯಾರೋ ಬೆನ್ನು ತಿರುಗಿಸಿ ನಿಂತಿದ್ದಾರೆ ಅನ್ನಿಸಿ ನಾನು ಮೇಷ್ಟ್ರ ಹಿಂದೆ ಸರಿದೆ. ಮೇಷ್ಟ್ರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಉಳಿದ ಒಂಬತ್ತು ಚೀಲಗಳನ್ನು ಮುದ್ರೆ ಮುಟ್ಟದೆ ಒಂದೊಂದಾಗಿ ತೂಗಿದರು, ಹೊರಗೆ ಕಟ್ಟಿದ್ದ ಚೀಟಿಗಳನ್ನೆಲ್ಲ ಬರೆದುಕೊಂಡರು. ಮುದ್ರೆಯ ಅಚ್ಚು ಮೇಜಿನ ಖಾನೆಯಲ್ಲೇ ಬಿದ್ದಿತ್ತು.

ಬಾಗಿಲಿಗೆ ಎರಡನೇ ಬೀಗದ ಕೈ ಇತ್ತು. ಬಳಕೆ ನಿಂತ ಹಳೆಯ ಟಿಕೆಟ್ ಕೋಣೆಯ ಗೋಡೆಯ ಮೊಳೆಗೆ ಅದನ್ನು ನೇತುಹಾಕಿದ್ದರು. ಅಲ್ಲಿಗೆ ಹೋಗಿಬರುವವರು ಮೂರೇ ಜನ. ಒಬ್ಬಳು ಹಾಲ್ ಗುಡಿಸುವ ಹೆಂಗಸು, ಎಲ್ಲರಿಗೂ ಚಿಕ್ಕಮ್ಮ. ಓದು ಬರಹ ಬಾರದು, ಆದರೆ ಬಿಡುವಾದಾಗಲೆಲ್ಲ ಅಜ್ಜನ ಪಕ್ಕ ಕುಳಿತು ನಾಣ್ಯ ಬೇರೆ ಮಾಡಿಕೊಡುತ್ತಿದ್ದಳಂತೆ. "ಅವನು ಕಳ್ಳ ಅಂದವರ ನಾಲಿಗೆ ಸೀಳಬೇಕು," ಎಂದು ಪೊರಕೆ ಕುಕ್ಕಿದಳು.

ಎರಡನೆಯವನು ಹಾಲ್‌ನ ಮೂಲೆಯಲ್ಲಿ ಪರದೇಶದ ದುಡ್ಡು ಬದಲಿಸಿಕೊಡುವವನು, ಚಿಲ್ಲರೆ ಸಾಹುಕಾರ ಎಂದು ಅಡ್ಡಹೆಸರು. ಬಾಯಿ ತುಂಬ ನಗು. ನನಗೆ ಇವನ ಮೇಲೇ ಗುಮಾನಿ. ಕದ್ದ ಯೂರೋ ಯಾರಿಗೆ ಬೇಕು ಹೇಳಿ? "ನೋಟು ಎಲ್ಲರೂ ಬದಲಿಸ್ತಾರೆ. ನಾಣ್ಯ ತಗೊಳ್ಳೋನು ಈ ಊರಿಗೆಲ್ಲ ನಾನೊಬ್ಬನೇ," ಎಂದ ಹೆಮ್ಮೆಯಿಂದ. "ಹಡಗಿನಲ್ಲಿ ಕೆಲಸ ಮಾಡೋರ ಮನೆಯವರು ತರ್ತಾನೇ ಇರ್ತಾರೆ."

ಮೂರನೆಯವರು ಸಮಿತಿಯ ಕಾರ್ಯದರ್ಶಿ. ಇಸ್ತ್ರಿ ಹಾಕಿದ ಅಂಗಿ, ಜೇಬಿನಲ್ಲಿ ಮಡಿಸಿಟ್ಟ ಕನ್ನಡಕ. ಅದನ್ನು ಹಾಕಿಕೊಂಡರೆ ವಯಸ್ಸು ಗೊತ್ತಾಗುತ್ತದೆಂದೋ ಏನೋ, ತಮ್ಮ ವರದಿಯನ್ನು ಮಾರುದೂರ ಹಿಡಿದು ಓದಿದರು. "ಎರಡೂ ಚೀಲಗಳನ್ನು ನಾನೇ ಖುದ್ದಾಗಿ ಸುರಿದು ಎಣಿಸಿದ್ದೇನೆ. ಪ್ರತಿ ನಾಣ್ಯವೂ ಚೀಟಿಗೆ ತಾಳೆಯಾಗಿದೆ." ಆಮೇಲೆ ದನಿ ತಗ್ಗಿಸಿ ಮಗಳಿಗೆ, "ಮಧ್ಯಾಹ್ನದ ಹೊತ್ತು ಆ ಕಡೆ ಹೋಗಬೇಡಮ್ಮಾ. ಅತೃಪ್ತ ಜೀವ," ಎಂದರು. ನಾನು ಸೆರಗು ಬಿಗಿದುಕೊಂಡೆ.

ದಾರಿಯಲ್ಲಿ, "ಅಕ್ಕಾವ್ರೇ, ನಾಳೆ ಮಧ್ಯಾಹ್ನ ನೀವು ಇಬ್ಬರಿಗೆ ಚಹಾ ಕೊಡಿಸ್ಬೇಕು," ಎಂದರು ಮೇಷ್ಟ್ರು.

"ನನ್ನ ದುಡ್ಡಲ್ಲಾ?"

"ಮತ್ತೆ ದೆವ್ವದ ದುಡ್ಡಲ್ಲಾ?"

ಶುಕ್ರವಾರ ಹನ್ನೆರಡಕ್ಕೆ ಐದು ನಿಮಿಷ ಇರುವಾಗ, ಚಿಕ್ಕಮ್ಮನನ್ನೂ ಚಿಲ್ಲರೆ ಸಾಹುಕಾರನನ್ನೂ ಬಲವಂತವಾಗಿ ನಮ್ಮ ಬೆಂಚಿಗೆ ಕೂರಿಸಿ ಕೈಗೆ ಲೋಟ ಕೊಟ್ಟೆ. ಮಗಳೂ ಪಕ್ಕದಲ್ಲಿದ್ದಳು. ಕಾರ್ಯದರ್ಶಿ ಎಂದಿನಂತೆ ಕಟ್ಟೆಯ ಕಡೆ ಹೋದರು ಎಂದು ಚಿಕ್ಕಮ್ಮ ಹೇಳಿದಳು. ಹಡಗು ಕೂಗಿತು. ಹಾಲ್ ನೋಡನೋಡುತ್ತ ಖಾಲಿಯಾಯಿತು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ನಾವು ಐವರು, ಗಾಜಿನ ಪೆಟ್ಟಿಗೆ.

ಆಗ ಕೇಳಿಸಿತು. ಟಿಕ್. ಟಿಕ್. ಟಿಕ್.

ಹಗಲು ಹೊತ್ತಿನಲ್ಲಿ ಇಷ್ಟು ಹೆದರಬಹುದು ಎಂದು ನನಗೆ ಗೊತ್ತಿರಲಿಲ್ಲ. ಒಂದರ ಮೇಲೊಂದು ನಾಣ್ಯ ಕೂರುವ ಸದ್ದು, ಹತ್ತಕ್ಕೊಮ್ಮೆ ಸಣ್ಣ ಬಿಡುವು. ಆ ಬಿಡುವಿನಲ್ಲಿ ಸತ್ತ ಮುದುಕ ಚೀಟಿ ಬರೆಯುತ್ತಿದ್ದಾನೆ ಎಂದೇ ನನ್ನ ಕಣ್ಣಿಗೆ ಕಟ್ಟಿತು. ಚಿಕ್ಕಮ್ಮನ ಲೋಟ ನೆಲಕ್ಕೆ ಬಿತ್ತು. ಸಾಹುಕಾರನ ನಗು ಮೊದಲ ಸಲ ಮಾಯವಾಗಿತ್ತು. ಮಗಳು ಎದ್ದು ನಿಂತು, "ಅಪ್ಪಾ..." ಎಂದಳು, ಕೇಳಿಸಿಯೂ ಕೇಳಿಸದ ಹಾಗೆ.

"ಬಾಗಿಲು ಒಡೀರಿ ಮೇಷ್ಟ್ರೇ!" ಎಂದೆ.

ಅವರು ಅವಳ ಕೈಹಿಡಿದು ಕೂರಿಸಿದರು. "ಬಿಡಿ. ಎಣಿಸ್ಲಿ. ಪೂರ್ತಿ ಎಣಿಸ್ಲಿ."

ಶನಿವಾರ ಹನ್ನೊಂದಕ್ಕೆ ಎಲ್ಲರೂ ಹಾಲ್‌ನ ಉದ್ದ ಮೇಜಿನ ಸುತ್ತ ಸೇರಿದೆವು. ಸಮಿತಿಯ ಅಧ್ಯಕ್ಷೆ ಮಕ್ಕಳ ವಾರ್ಡಿನ ಹಿರಿಯ ನರ್ಸಮ್ಮ. ಬಿಳಿಕೂದಲು, ಬೇಸತ್ತ ಮುಖ. ಫಲಕ ಬಿಚ್ಚಲು ಸ್ಕ್ರೂಡ್ರೈವರ್ ಕೂಡ ಮೇಜಿನ ಮೇಲೆ ಬಂದಿತ್ತು. ಮಗಳು ಅದನ್ನೇ ನೋಡುತ್ತ ಕುಳಿತಿದ್ದಳು.

"ಐದು ನಿಮಿಷ ಕೊಡಿ," ಎಂದ ಮೇಷ್ಟ್ರು ಒಂದು ತಟ್ಟೆಯಲ್ಲಿ ಡಾಲರ್ ಚಿಲ್ಲರೆ ಇಟ್ಟರು. ಕಾಲು ಡಾಲರಿನವು ಎರಡು, ಸಣ್ಣ ಬಿಳಿ ಆರು, ದಪ್ಪ ಬಿಳಿ ಮೂರು. "ಎಲ್ಲರೂ ಮೊತ್ತ ಬರೆದುಕೊಡಿ. ಕಾಲು ಡಾಲರ್ ಅಂದ್ರೆ ಇಪ್ಪತ್ತೈದು ಸೆಂಟು. ಬಿಳಿ ನಾಣ್ಯದಲ್ಲಿ ಒಂದು ಜಾತಿ ಹತ್ತು ಸೆಂಟು, ಇನ್ನೊಂದು ಐದು."

ಕಾರ್ಯದರ್ಶಿ ಮೂಗು ಮುರಿದರೂ ನಾಣ್ಯಗಳನ್ನು ಬೆರಳಲ್ಲಿ ಸರಿಸಿ ಬರೆದರು. ಮೇಷ್ಟ್ರು ಚೀಟಿಗಳನ್ನು ಓದಿದರು. ಮಗಳು, ಒಂದೂಕಾಲು ಡಾಲರ್. ಸಾಹುಕಾರ, ಒಂದೂಕಾಲು. ಚಿಕ್ಕಮ್ಮ ಬಾಯಲ್ಲೇ ಹೇಳಿದಳು, ಒಂದೂಕಾಲು. ಕಾರ್ಯದರ್ಶಿ, ಒಂದು ಡಾಲರ್ ಹತ್ತು ಸೆಂಟು. ನಾನು, ಒಂದು ಡಾಲರ್ ಹತ್ತು ಸೆಂಟು.

"ನಾನೂ ತಪ್ಪಾ?" ಎಂದೆ, ನಾಚಿಕೆಯಿಂದ.

"ಗೊತ್ತಿಲ್ಲದವರೆಲ್ಲ ತಪ್ಪೋದು ಇಲ್ಲೇ, ಅಕ್ಕಾವ್ರೇ. ದೊಡ್ಡ ನಾಣ್ಯಕ್ಕೆ ದೊಡ್ಡ ಬೆಲೆ ಅಂತ ಅಂದ್ಕೊಳ್ತೀವಿ. ಇಲ್ಲಿ ತಿರುಗುಮುರುಗು. ಈ ಸಣ್ಣದೇ ಹತ್ತು, ದಪ್ಪದ್ದು ಐದು. ಎರಡರ ಮೇಲೂ ಬೆಲೆಯ ಅಂಕಿ ಇಲ್ಲ, ಸಣ್ಣ ಅಕ್ಷರ ಮಾತ್ರ. ಕನ್ನಡಕ ಹಾಕ್ಕೊಂಡು ಓದಬೇಕು." ಅವರು ಮೊದಲ ಚೀಲದ ಚೀಟಿ ಎತ್ತಿದರು. "ಈಗ ಇದನ್ನ ನೋಡಿ. ಸಣ್ಣ ಬಿಳಿ ನಲವತ್ತು, ದಪ್ಪ ಬಿಳಿ ಇಪ್ಪತ್ತೈದು. ಸಣ್ಣದಕ್ಕೆ ಐದು, ದಪ್ಪದ್ದಕ್ಕೆ ಹತ್ತು ಹಾಕಿ ಕೂಡಿ. ಕಾಲು ಡಾಲರಿನವು ಸೇರಿ ಸರಿಯಾಗಿ ಹತ್ತು ಡಾಲರ್. ಮುಕ್ಕಾಲು ಡಾಲರ್ ಹೋದದ್ದು ಹೀಗೆ. ಇಪ್ಪತ್ತಾರು ವರ್ಷ ಎಣಿಸಿದವರು ಈ ತಪ್ಪು ಮಾಡ್ತಾರಾ? ಈ ಚೀಟಿ ಬರೆದದ್ದು ಅಜ್ಜ ಅಲ್ಲ. ಯಾರೋ ಚೀಲ ಬಿಚ್ಚಿ ಯೂರೋ, ಪೌಂಡ್ ತೆಗೆದು, ಉಳಿದದ್ದನ್ನ ಎಣಿಸಿ, ಅಜ್ಜನ ಅಕ್ಷರ ತಿದ್ದಿ ಕಲಿತು, ಅವರದ್ದೇ ಮುದ್ರೆ ಒತ್ತಿದಾರೆ."

"ಎಣಿಸೋಕೆ ಬರದಿದ್ರೆ ಕಳ್ಳ ಆಗ್ಬಿಡ್ತೀನಾ?" ಕಾರ್ಯದರ್ಶಿ ಎದ್ದರು. "ಈ ಅಮ್ಮನೂ ಅದನ್ನೇ ಬರೆದಿದಾರಲ್ಲ!"

"ಇವರ ಕೈಗೆ ಮೊಳೆ ಮೇಲಿನ ಬೀಗದ ಕೈ ಸಿಗಲ್ಲ. ಸಿಗೋದು ಮೂವರಿಗೆ, ಅದರಲ್ಲಿ ಇಬ್ಬರಿಗೆ ನಾಣ್ಯ ಗೊತ್ತು. ಕೂತ್ಕೊಳ್ಳಿ." ಮೇಷ್ಟ್ರು ಒಂಬತ್ತನೇ ಚೀಲವನ್ನು ಕೊಕ್ಕೆಗೆ ಹಾಕಿ ತೂಗಿದರು. "ಗುರುವಾರ ಇದು ಮೂರು ಕಿಲೋ ಇನ್ನೂರು ಗ್ರಾಂ ಇತ್ತು. ಈಗ ಎರಡು ಕಿಲೋ ಆರುನೂರು. ಗುರುವಾರ ಚೀಟಿಯಲ್ಲಿ ಡಾಲರ್ ಮೊತ್ತ ಐದೂವರೆ ಇತ್ತು, ಈಗ ನಾಲ್ಕೂವರೆ. ಡಾಲರ್ ನಾಣ್ಯಗಳ ಸಂಖ್ಯೆ ಅಷ್ಟೇ, ತಪ್ಪು ಅದೇ. ಸತ್ತು ಆರು ವಾರ ಆದವರು ನಿನ್ನೆ ಚೀಟಿ ಬದಲಿಸಿದ್ರಾ? ನಿನ್ನೆ ಮಧ್ಯಾಹ್ನ ಸದ್ದು ಬಂದಾಗ ಚಿಕ್ಕಮ್ಮ, ಸಾಹುಕಾರ, ಮಗಳು ಮೂವರೂ ನಮ್ಮ ಜೊತೆ ಚಹಾ ಕುಡೀತಿದ್ರು. ಬಾಗಿಲು ತೆಗೆದು ಹಿಡಿದಿದ್ರೆ, 'ನಾನು ಕಾರ್ಯದರ್ಶಿ, ಪರೀಕ್ಷೆಗೆ ಬಂದಿದ್ದೆ' ಅಂತ ನೀವು ಹೇಳ್ತಿದ್ರಿ. ನನಗೆ ನಿಮ್ಮ ಎಣಿಕೆ ಬೇಕಿತ್ತು. ಎಷ್ಟು ಕಮ್ಮಿಯಾದ್ರೂ ಹೊರೋಕೆ ಸತ್ತವರ ಹೆಗಲು ಇತ್ತಲ್ಲ, ಇವತ್ತಿನ ಸಭೆಗೆ ಮೊದಲು ಇನ್ನೊಂದು ಕೈ ನೋಡೋಣ ಅಂದ್ಕೊಂಡ್ರಿ."

ಸಾಹುಕಾರ ಮೇಜು ಗುದ್ದಿದ. "ಅಯ್ಯೋ ನನ್ನ ಬುದ್ಧಿಗಿಷ್ಟು! ಹಡಗಿನಲ್ಲಿರೋ ಅಳಿಯ ಕೊಟ್ಟದ್ದು ಅಂತ ತಿಂಗಳು ತಿಂಗಳು ನನ್ನ ಹತ್ರಾನೇ ಬದಲಿಸ್ಕೊಂಡ್ರಲ್ರೀ!"

ಕಾರ್ಯದರ್ಶಿಯ ಮುಖ ಸುಣ್ಣದಂತಾಯಿತು. "ಸ್ವಲ್ಪ ದಿನ ಅಂತ ತಗೊಂಡೆ... ಅವರು ಸತ್ತೋಗ್ತಾರೆ ಅಂತ ನನಗೇನು ಗೊತ್ತು," ಎಂದು ತೊದಲಿದರು. ನರ್ಸಮ್ಮ ಅವರ ಕಡೆ ನೋಡಲೂ ಇಲ್ಲ. "ಹೋದ ಸಲ ದುಡ್ಡು ಸಾಲದೆ ಎರಡು ಹಾಸಿಗೆ ಕಮ್ಮಿ ಮಾಡಿದೆ ನಾನು," ಎಂದಷ್ಟೇ ಹೇಳಿ ಪೊಲೀಸರಿಗೆ ಫೋನ್ ಮಾಡಲು ಎದ್ದರು.

ಮಗಳು ಇನ್ನೂ ಕುಳಿತೇ ಇದ್ದಳು. "ಆದ್ರೆ ಸರ್, ಅಪ್ಪನ ಕೈಯಲ್ಲಿ ಇದು ಯಾಕಿತ್ತು?"

ಮೇಷ್ಟ್ರ ದನಿ ಮೊದಲ ಸಲ ಮೆತ್ತಗಾಯಿತು. "ಹಿಂದಿನ ದಿನವೇ ಚೀಟಿ ನೋಡಿ ಅವರಿಗೆ ಗಾಬರಿಯಾಗಿತ್ತು. ತಾನು ಬರೆಯದ ತನ್ನ ಅಕ್ಷರ. ನನಗೇ ಮರುಳು ಹಿಡೀತಾ ಅಂತ ಅಂದ್ಕೊಂಡಿರ್ಬೇಕು. ಮರುದಿನ ಚೀಲ ಸುರಿದು ಕೂಡಿ ನೋಡಿದ್ರು. ಮುಕ್ಕಾಲು ಡಾಲರ್ ಎಲ್ಲಿ ಹೋಯ್ತು ಅಂತ ಹೊಳೀತು. ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಈ ಸಣ್ಣ ಬಿಳಿ. ಅದು ಕದ್ದದ್ದಲ್ಲಮ್ಮಾ, ಸಾಕ್ಷಿ. ನಿಮಗೆ ತೋರಿಸೋಕೆ ಅಂತಾನೇ ಹಿಡ್ಕೊಂಡಿದ್ರೇನೋ. ಎದೆ ಅಷ್ಟು ಹೊತ್ತು ಕಾಯಲಿಲ್ಲ."

ಅವಳು ಮುಖ ಮುಚ್ಚಿಕೊಂಡು ಅತ್ತಳು. ಚಿಕ್ಕಮ್ಮ ಅವಳ ತಲೆ ತನ್ನ ಎದೆಗೊತ್ತಿಕೊಂಡಳು. ನಾನೂ ಅತ್ತೆ, ಅದನ್ನೇಕೆ ಮುಚ್ಚಿಡಲಿ.

"ಇನ್ನೊಂದು ಕೆಲಸ ಇದೆ," ಎಂದು ಮೇಷ್ಟ್ರು ಮೊದಲ ಚೀಲವನ್ನು ಅವಳ ಮುಂದೆ ಸರಿಸಿದರು. "ಪ್ರತಿ ನಾಣ್ಯವನ್ನೂ ಖುದ್ದಾಗಿ ಎಣಿಸಿದೆ, ಸಣ್ಣ ಬಿಳಿ ನಲವತ್ತು ಅಂತ ಇವರ ವರದಿ ಹೇಳತ್ತೆ. ನೀವೊಮ್ಮೆ ಎಣಿಸಿ."

ಅವಳು ಕಣ್ಣೊರೆಸಿಕೊಂಡು ಚೀಲ ಸುರಿದಳು. ಬೆರಳುಗಳು ತಾವೇ ಓಡಿದವು. ಟಿಕ್, ಟಿಕ್, ಟಿಕ್. ಅದೇ ಸದ್ದು, ಹತ್ತಕ್ಕೊಮ್ಮೆ ಅದೇ ಬಿಡುವು. ಹೊರಗೆ ಹನ್ನೆರಡರ ಹಡಗು ಕೂಗಿತು, ಯಾರೂ ಏಳಲಿಲ್ಲ. ಮೂರು ಕಂಬ ಹತ್ತರವು, ನಾಲ್ಕನೆಯದು ಒಂಬತ್ತಕ್ಕೆ ನಿಂತಿತು.

"ಮೂವತ್ತೊಂಬತ್ತು," ಎಂದು ತಲೆಯೆತ್ತಿದಳು.

"ಅಜ್ಜ ಹೋದ ಮೇಲೆ ಯಾರೇ ಎಣಿಸಿದ್ರೂ ಮೂವತ್ತೊಂಬತ್ತೇ ಸಿಗತ್ತೆ. ಮತ್ತೆ ಎಣಿಸದೆಯೇ ನಲವತ್ತು ಅಂತ ಬರೆಯೋ ಧೈರ್ಯ ಅಜ್ಜ ಹೋಗೋ ಮೊದಲೇ ಎಣಿಸಿದ್ದೋನಿಗೆ ಮಾತ್ರ."

ಅವಳು ಸೆರಗಿನಿಂದ ಕರವಸ್ತ್ರ ತೆಗೆದು ಗಂಟು ಬಿಚ್ಚಿದಳು. ಅಪ್ಪನ ಮುಷ್ಟಿಯಲ್ಲಿದ್ದ ನಾಣ್ಯವನ್ನು ನಾಲ್ಕನೇ ಕಂಬದ ಮೇಲಿಟ್ಟಳು.

"ನಲವತ್ತು," ಎಂದಳು. ಆಮೇಲೆ ಹೊಸ ಚೀಟಿ ಎಳೆದುಕೊಂಡು, ನಿಧಾನವಾಗಿ, ಹತ್ತು ಡಾಲರ್ ಎಪ್ಪತ್ತೈದು ಸೆಂಟು ಎಂದು ಬರೆದಳು. ನರ್ಸಮ್ಮ ವಾಪಸು ಬಂದು ಅದನ್ನು ಓದಿ, ಮೇಜಿನ ಮೇಲಿದ್ದ ಸ್ಕ್ರೂಡ್ರೈವರನ್ನು ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡರು.